ಚೋರ್ ಬಜಾರಿನ ಅಂಚೆ ತಕ್ಕಡಿ: ತೂಕಕ್ಕೆ ಪೂರ್ತಿ ಅಂಕ, ಮಸಿಕುಡಿಕೆಗೆ ಅರ್ಧ

ಮುಂಬೈನ ಚೋರ್ ಬಜಾರಿನಲ್ಲಿ, ಮಟನ್ ಸ್ಟ್ರೀಟಿನ ಹಳೆ ಸಾಮಾನಿನ ಅಂಗಡಿಯೊಂದರಲ್ಲಿ 9,500 ರೂಪಾಯಿ ಕೊಟ್ಟು ತಂದದ್ದು. ಮರದ ಪೀಠ, ನಡುವೆ ಹಿತ್ತಾಳೆ ತಕ್ಕಡಿ, ಎರಡೂ ಬದಿಗೆ ಗಾಜಿನ ಮಸಿಕುಡಿಕೆ, ಮುಂದೆ ಪೆನ್ನು ಇಡಲು ಉದ್ದನೆಯ ಗುಳಿ. ಬರೆದ ಕಾಗದವನ್ನು ಅಲ್ಲೇ ತೂಗಿ ಸ್ಟಾಂಪು ಹಚ್ಚಲಿ ಅಂತಲೇ ಮಾಡಿದ ಸಾಮಾನು. ವಿಜಯಪುರದ ಮನೆಗೆ ನಾನು ಈಗಲೂ ಕೈಯಲ್ಲೇ ಕಾಗದ ಬರೆಯುತ್ತೇನೆ. ಹಾಗಾಗಿ ಶೋಕೇಸಿಗೆ ಅಲ್ಲ, ಬಳಸೋಕೇ ತಂದೆ.

ತಕ್ಕಡಿ ಬಹಳ ಚೆನ್ನಾಗಿದೆ. ಇದರ ತಟ್ಟೆಗಳು ಸರಪಳಿಯಲ್ಲಿ ನೇತಾಡುವುದಿಲ್ಲ, ದಂಡಿಗೆಯ ಮೇಲೆ ಕೂತಿವೆ. ಪೀಠದೊಳಗೆ ಇನ್ನೊಂದು ಸರಳಿದೆ. ಅದರಿಂದಾಗಿ ತಟ್ಟೆ ವಾಲದೆ ನೆಟ್ಟಗೆ ಏರಿಳಿಯುತ್ತದೆ. 1669ರಲ್ಲಿ ರೋಬರ್ವಲ್ ಎಂಬ ಫ್ರೆಂಚ್ ಗಣಿತಜ್ಞ ತೋರಿಸಿಕೊಟ್ಟ ಉಪಾಯ ಇದು. ಲಕೋಟೆ ನಡುವೆ ಇದ್ದರೂ ಅಂಚಿನಲ್ಲಿದ್ದರೂ ತೂಕ ಒಂದೇ ಬರಬೇಕು. ಕೊಳ್ಳುವಾಗ ಎರಡೂ ತಟ್ಟೆಗೆ ಒಂದೊಂದು ಹತ್ತು ರೂಪಾಯಿ ನಾಣ್ಯ ಇಡಿ. ಆಮೇಲೆ ಒಂದನ್ನು ಮೆಲ್ಲಗೆ ಅಂಚಿಗೆ ಸರಿಸಿ. ದಂಡಿಗೆ ವಾಲಿದರೆ ಒಳಗಿನ ಕೀಲು ಸವೆದಿದೆ ಅಂತಲೇ ಲೆಕ್ಕ. ನನ್ನದು ಕದಲಲಿಲ್ಲ.

ಅಂಗಡಿಯವರು ಇನ್ನೂರು ವರ್ಷ ಹಳೆಯದು ಅಂದರು. ಆದರೆ ತೂಕ ನೋಡಿ ಒಂದು ಪೆನ್ನಿ ತಗೊಳ್ಳುವ ಪದ್ಧತಿ ಬ್ರಿಟನ್ನಿನಲ್ಲಿ ಶುರುವಾದದ್ದೇ 1840ರಲ್ಲಿ. ಆಗ ಒಂದು ಪೆನ್ನಿಗೆ ಅರ್ಧ ಔನ್ಸ್. 1871ರಲ್ಲಿ ಒಂದು ಔನ್ಸ್ ಆಯಿತು, 1897ರಲ್ಲಿ ನಾಲ್ಕು ಔನ್ಸ್. 1915ರಲ್ಲಿ ಅದನ್ನು ಮತ್ತೆ ಒಂದು ಔನ್ಸಿಗೆ ಇಳಿಸಿದರು. ನನ್ನ ತಕ್ಕಡಿಯ ತಟ್ಟೆಯ ಮೇಲೆ ನಾಲ್ಕು ಔನ್ಸಿಗೆ ಒಂದು ಪೆನ್ನಿ ಅಂತ ಕೆತ್ತಿದ್ದಾರೆ. ಅಂದರೆ ಇದು 1897 ಮತ್ತು 1915ರ ನಡುವಿನದು. ಅಂಥ ಬರಹ ಇದ್ದರೆ ಭೂತಗನ್ನಡಿ ಹಿಡಿದು ಓದಿ. ಮಾರುವವರ ಮಾತಿಗಿಂತ ಅದನ್ನೇ ಜಾಸ್ತಿ ನಂಬಬಹುದು.

ತೂಕದ ಬಟ್ಟುಗಳನ್ನು ಮಾಟುಂಗದಲ್ಲಿ ಪರಿಚಯದ ಅಕ್ಕಸಾಲಿಗರ ಹತ್ತಿರ ತೂಗಿಸಿದೆ. ಒಂದು ಔನ್ಸಿನದು 28.35 ಗ್ರಾಂ ಬರಬೇಕು, ಸರಿಯಾಗಿ ಬಂತು. ಎರಡು ಔನ್ಸಿನದು ಮಾತ್ರ ಕಡಿಮೆ ಬಂತು. ಬಣ್ಣವೂ ಬೇರೆ, ಆಮೇಲೆ ಯಾರೋ ಸೇರಿಸಿದ್ದು. ಇಂಥದ್ದನ್ನು ಹೇಳಿ ಮಾರಬೇಕಿತ್ತು, ಅಲ್ವಾ? ನಮ್ಮ ಸಾದಾ ಕಾಗದದ ಮೊದಲ ದರಕ್ಕೆ 20 ಗ್ರಾಂ ಮಿತಿ, ಅದಕ್ಕೊಂದು ಗ್ರಾಂ ಬಟ್ಟು ಬೇರೆ ತಂದಿಟ್ಟುಕೊಂಡಿದ್ದೇನೆ. ಮನೆಯಲ್ಲಿ ತೂಗಿದ್ದಕ್ಕೂ ಮುಂಬೈನ ಪ್ರಧಾನ ಅಂಚೆ ಕಚೇರಿ ಜಿಪಿಒದ ಕೌಂಟರಿನ ಕಾಟಾಕ್ಕೂ ವ್ಯತ್ಯಾಸ ಬಂದಿಲ್ಲ. (ಜಿಪಿಒ ಕಟ್ಟಡ 1913ರದು. ಅದರ ಗುಮ್ಮಟಕ್ಕೆ ನಮ್ಮ ಗೋಳಗುಮ್ಮಟವೇ ಮಾದರಿ. ಅಲ್ಲಿ ಕಾಗದ ಹಾಕುವಾಗೆಲ್ಲ ನನಗೆ ಹೆಮ್ಮೆ.)

ಮಸಿಕುಡಿಕೆ ಮಾತ್ರ ನಿರಾಸೆ. ಹಿತ್ತಾಳೆ ಮುಚ್ಚಳ ಬಿಗಿಯಾಗಿಲ್ಲ. ಫ್ಯಾನಿನ ಕೆಳಗೆ ಶಾಯಿ ಬೇಗ ಗಟ್ಟಿಯಾಗುತ್ತದೆ. ಒಂದು ಕುಡಿಕೆಯ ಗಾಜು ಹೊಸದು, ತನ್ನ ಗುಳಿಯಲ್ಲಿ ಲಟಲಟ ಅನ್ನುತ್ತದೆ. ಬರೆಯುವಾಗ ಬೇಕಾದಷ್ಟೇ ಶಾಯಿ ಸುರಿದು, ಮುಗಿದ ಮೇಲೆ ತೊಳೆದಿಡುತ್ತೇನೆ.

ಬಟ್ಟುಗಳಿಗೆ ಹುಣಸೆಹಣ್ಣು ಹಚ್ಚಿ ಉಜ್ಜಬೇಡಿ. ಹೊಳಪಿನ ಜೊತೆ ತೂಕವೂ ಸವೆಯುತ್ತದೆ. ಒಣ ಬಟ್ಟೆ ಸಾಕು.

ಕಾಗದ ಬರೆಯುವವರಿಗೆ ಈ ಬೆಲೆ ಜಾಸ್ತಿ ಅಲ್ಲ. ಬರೀ ಮಸಿಕುಡಿಕೆ ಬೇಕಿದ್ದರೆ ಅದೇ ಬೀದಿಯಲ್ಲಿ ಬಿಡಿಯಾಗಿ ಸಿಗುತ್ತವೆ. ಶುಕ್ರವಾರ ಅಲ್ಲಿ ಬೀದಿ ಸಂತೆಯ ಗದ್ದಲ. ನಿಧಾನವಾಗಿ ತೂಗಿ ನೋಡಬೇಕು ಅನ್ನುವವರು ಬೇರೆ ದಿನ ಹೋಗಿ.