ಗಣೇಶನ ಸ್ಟಿಕರ್ ಕೆಳಗೆ ಏನಿತ್ತು

ಹಳೇ ಫಾರಿನ್ ವಾಷಿಂಗ್ ಮಷಿನ್ ಕಡಿಮೆ ರೇಟಿಗೆ ಸಿಗ್ತಿದೆ, ರಿಪೇರಿ ಮಾಡಿಸಿಕೊಳ್ಳೋಣ ಅಂತ ಯಾರಾದರೂ ಯೋಚಿಸುತ್ತಿದ್ದರೆ, ದುಡ್ಡು ಕೊಡುವ ಮುಂಚೆ ಇದನ್ನೊಮ್ಮೆ ಓದಿ. ನನಗೆ 12 ಸಾವಿರದ ಹತ್ತಿರ ಕೈ ಬಿಟ್ಟಿದೆ. ಅಮ್ಮನಿಗೆ ಶಾಕ್ ಹೊಡೆದಿದೆ. ದುಡ್ಡು ಹೋಗಿದ್ದಷ್ಟೇ ಆಗಿದ್ದರೆ ಬಹುಶಃ ಬರೆಯುತ್ತಿರಲಿಲ್ಲ.

ಕ್ಯಾತ್ಸಂದ್ರದಿಂದ ತುಮಕೂರಿಗೆ ವಾಪಸ್ ಬರುವಾಗ ಒಂದು ಗುಜರಿ ಅಂಗಡಿ ಮುಂದೆ ಕಣ್ಣಿಗೆ ಬಿತ್ತು. ಮುಂದೆ ದುಂಡು ಗಾಜಿನ ಬಾಗಿಲು, ಕಟಕಟ ಅಂತ ತಿರುಗುವ ಟೈಮರ್ ಗುಂಡಿ, ದಪ್ಪ ತಗಡು. ಹಳೇ ಸಾಮಾನಿನ ಹುಚ್ಚಿರುವವರಿಗೆ ಇಷ್ಟು ಸಾಕಲ್ವಾ? ‘ಜರ್ಮನಿ ಮಾಲು ಸಾರ್, ಇನ್ನೂ ಇಪ್ಪತ್ತು ವರ್ಷ ಓಡುತ್ತೆ’ ಅಂದರು ಅಂಗಡಿಯವರು. ಪ್ಲಗ್ ಹಾಕಿ ಡ್ರಮ್ ತಿರುಗಿಸಿಯೂ ತೋರಿಸಿದರು. ಒಳಗೆ ಬಟ್ಟೆ ಇಲ್ಲ, ನೀರಿಲ್ಲ. ಖಾಲಿ ಡ್ರಮ್ ಯಾವುದಾದರೂ ತಿರುಗುತ್ತೆ, ಆಗ ಹೊಳೆಯಲಿಲ್ಲ. 6,500ಕ್ಕೆ ಮಾತಾಯಿತು. ಲಗೇಜ್ ಆಟೊಗೆ 700.

ಮೊದಲ ದಿನವೇ ನನ್ನ ಹೆಂಡತಿ ಕಂಡುಹಿಡಿದಳು. ‘ರೀ, ಈ ಗುಂಡಿ ತೂಕಡಿಸ್ತಿದೆ ನೋಡಿ.’ ಒಂದು ಗಂಟೆ ಅಂತ ಬರೆದಿದ್ದ ಒಗೆತ ಮುಗಿಯೋಕೆ ಒಂದೂಕಾಲು ಗಂಟೆ ಹಿಡಿಯಿತು. ನೀರು ಹೊರಹಾಕುವ ಪಂಪು ಗುಂಯ್‌ಗುಟ್ಟುತ್ತಾ ಬಿಸಿಯಾಗಿ ಸುಟ್ಟ ವಾಸನೆ. ಆಮೇಲೆ ಬಟ್ಟೆ ಹಿಂಡುವಾಗ ಮನೆಯೇ ಅದುರಿತು. ‘ಏನೋ ಇದು, ರಾಗಿ ಮಿಲ್ ತಂದಿಟ್ಟಿದ್ದೀಯಾ?’ ಅಂತ ಅಮ್ಮ ಒಳಗಿನಿಂದ ಕೂಗಿದರು.

ಮೂರನೇ ದಿನ ಅಮ್ಮ ಒದ್ದೆ ಕೈಯಲ್ಲಿ ಪಕ್ಕದ ತಗಡು ಮುಟ್ಟಿದರು. ‘ಜುಂ ಅಂತು ಕಣೋ’ ಅಂತ ಕೈ ಕೊಡವಿಕೊಂಡು ಅಲ್ಲೇ ಕೂತುಬಿಟ್ಟರು. ಪುಣ್ಯಕ್ಕೆ ಕಾಲಲ್ಲಿ ರಬ್ಬರ್ ಚಪ್ಪಲಿ ಇತ್ತು. ಆಮೇಲೆ ಪ್ಲಗ್ ಬಿಚ್ಚಿ ನೋಡಿದೆ. ಎರಡೇ ಪಿನ್ನು. ಹಸಿರು-ಹಳದಿ ವೈರನ್ನು, ಅಂದರೆ ಅರ್ತಿಂಗನ್ನು, ಕತ್ತರಿಸಿ ಮೇಲೆ ಕರಿ ಟೇಪು ಸುತ್ತಿದ್ದರು. ಇಂಥ ಮಷಿನ್ ಒಳಗೆ ನೀರು ಕಾಯಿಸುವ ಹೀಟರೇ ಸುಮಾರು 2000 ವ್ಯಾಟ್ ಇರುತ್ತೆ. ಅದಕ್ಕೆ ಅರ್ತಿಂಗ್ ಇರುವ 16 ಆಂಪಿಯರ್ ಪವರ್ ಪ್ಲಗ್ಗೇ ಬೇಕು. ನಮ್ಮದು ಬೋರ್ ನೀರು, ಬೇಳೆಯೇ ಸರಿಯಾಗಿ ಬೇಯಲ್ಲ. ಇಂಥ ನೀರಲ್ಲಿ ಹೀಟರ್ ಮೇಲೆ ಸುಣ್ಣದ ಪದರ ಕಟ್ಟಿಕೊಂಡು, ಒಳಗಿನ ಶಾಖ ಹೊರಗೆ ಹೋಗದೆ, ಮೇಲಿನ ಕೊಳವೆ ಬಿರುಕು ಬಿಡುತ್ತೆ. ಅಲ್ಲಿಂದ ಕರೆಂಟು ನೀರಿಗೂ ತಗಡಿಗೂ ಇಳಿಯುತ್ತೆ.

ಅವತ್ತು ಮಷಿನ್ ತಿರುಗಿಸಿದಾಗ ಬೆನ್ನ ಮೇಲೆ ಗಣೇಶನ ಸ್ಟಿಕರ್ ಕಂಡಿತು. ಸುಮ್ನೆ ಭಕ್ತಿಗೆ ಅಂಟಿಸಿದ್ದಾರೆ ಅಂದುಕೊಂಡು ಮೂಲೆ ಕೆರೆದೆ. ಕೆಳಗೆ ಕಂಪನಿಯ ತಗಡಿನ ಪಟ್ಟಿ: 220 ವೋಲ್ಟ್, 60 ಹರ್ಟ್ಜ್. ನಮ್ಮಲ್ಲಿ ಕರೆಂಟು 50 ಹರ್ಟ್ಜ್, ಅಂದರೆ ಸೆಕೆಂಡಿಗೆ 50 ಸಲ ಹಿಂದೆಮುಂದೆ ಆಡುತ್ತೆ. ಜರ್ಮನಿಯಲ್ಲೂ 50 ಹರ್ಟ್ಜೇ. 60 ಇರುವುದು ಸೌದಿಯಂಥ ಕಡೆ. ಯಾರೋ ಅಲ್ಲಿಂದ ವಾಪಸ್ ಬರುವಾಗ ತಂದದ್ದಿರಬೇಕು. ಹೆಸರು ಜರ್ಮನಿಯದು, ಮಾಡಿದ್ದು ಬೇರೆ ದೇಶದ ಕರೆಂಟಿಗೆ. ಗುಂಡಿ ತೂಕಡಿಸಿದ್ದು ಇದಕ್ಕೇ. ಅದರೊಳಗಿನ ಪುಟ್ಟ ಮೋಟಾರ್ ಹರ್ಟ್ಜ್ ಲೆಕ್ಕದಲ್ಲೇ ತಿರುಗುತ್ತೆ, 60 ನಿಮಿಷದ ಕೆಲಸಕ್ಕೆ 72 ನಿಮಿಷ ತಗೊಳ್ಳುತ್ತೆ. ಪಂಪು ಬಿಸಿಯಾಗಿದ್ದೂ ಅದಕ್ಕೇ. ಅಮೆರಿಕದ 120 ವೋಲ್ಟಿನದು ಸಿಕ್ಕರೆ ಇನ್ನೂ ಕಷ್ಟ. ಟ್ರಾನ್ಸ್‌ಫಾರ್ಮರ್ ವೋಲ್ಟ್ ಇಳಿಸುತ್ತೆ, ಹರ್ಟ್ಜ್ ಬದಲಿಸಲ್ಲ.

ಅಲ್ಲಿಗೆ ಬಿಡಬೇಕಿತ್ತು. ಬಿಡಲಿಲ್ಲ. ಪಂಪು, ಹೀಟರ್ ಬದಲಿಸಿ ಬೇರಿಂಗ್ ಹಾಕಿಸಿದರೆ ಸರಿಹೋಗುತ್ತೆ ಅಂತ ಒಬ್ಬ ಮೆಕ್ಯಾನಿಕ್‌ಗೆ 4,500 ಕೊಟ್ಟೆ. ‘ಬೇರಿಂಗ್ ಎಲ್ಲಾ ಕಡೆ ಸಿಗುತ್ತೆ ಸಾರ್’ ಅಂದರು. ಅದು ನಿಜವೇ, ಬೇರಿಂಗ್ ಸಿಕ್ಕಿತು. ಆದರೆ ಡ್ರಮ್ ಸುತ್ತಲಿನ ಪ್ಲಾಸ್ಟಿಕ್ ಟಬ್ಬಿಗೆ ಬೋಲ್ಟೇ ಇರಲಿಲ್ಲ. ಎರಡು ಹೋಳನ್ನು ಕಾಯಿಸಿ ಸೇರಿಸಿದ್ದರು. ಅದು ಬಿಚ್ಚೋದಕ್ಕೆ ಮಾಡಿದ್ದಲ್ಲ. ಅವರು ಗರಗಸ ತಗೊಂಡರು. ಒಳಗೆ ಡ್ರಮ್ಮಿನ ಬೆನ್ನಿಗೆ ಮೂರು ಕಾಲಿನ ಅಲ್ಯೂಮಿನಿಯಂ ಹಿಡಿಕೆ ಇರುತ್ತೆ, ಡ್ರಮ್ಮನ್ನು ಹೊರುವುದೇ ಅದು. ವರ್ಷಾನುಗಟ್ಟಲೆ ಸೋಪಿನ ಪುಡಿಯ ಖಾರಕ್ಕೆ ತಿಂದುಹೋಗಿತ್ತು. ಮೇಲೆಲ್ಲಾ ಬೂದುಬಣ್ಣದ ಪುಡಿ. ನಾನು ಸ್ಕ್ರೂಡ್ರೈವರ್ ತುದಿ ಒತ್ತಿದೆ. ಒಂದು ಕಾಲು ಹಪ್ಪಳದ ಹಾಗೆ ಪುಡಿಯಾಗಿ ಉದುರಿತು. ಆ ಮಾಡೆಲ್ಲಿಗೆ ಆ ಹಿಡಿಕೆ ಎಲ್ಲೂ ಸಿಗಲಿಲ್ಲ. ಟಬ್ಬನ್ನು ಅಂಟು, ಸ್ಕ್ರೂ ಹಾಕಿ ಮುಚ್ಚಿಕೊಟ್ಟರು. ಒಂದೇ ಒಗೆತಕ್ಕೆ ಬಚ್ಚಲೆಲ್ಲಾ ನೀರು. ದುಡ್ಡು ವಾಪಸ್ ಕೇಳಿದ್ದಕ್ಕೆ, ‘ಹಳೇ ಮಾಲಿಗೆ ಯಾರು ಸಾರ್ ಗ್ಯಾರಂಟಿ ಕೊಡ್ತಾರೆ?’

ನೀವು ನೋಡಲು ಹೋದಾಗ ಬೆನ್ನು, ಬಾಗಿಲಿನ ಒಳ ಅಂಚು ಎರಡನ್ನೂ ನೋಡಿ. ಪಟ್ಟಿ ಇಲ್ಲ ಅಥವಾ ಕೆರೆದಿದೆ ಅಂದರೆ ಮಾತೇ ಬೇಡ, ಎದ್ದು ಬನ್ನಿ. ಬಾಷ್, ಸೀಮೆನ್ಸ್ ಮಷಿನ್ ಆದರೆ ವಯಸ್ಸೂ ಗೊತ್ತಾಗುತ್ತೆ. ಎಫ್‌ಡಿ ಅಂತ ಇಂಗ್ಲಿಷಿನಲ್ಲಿ ಬರೆದು ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತೆ. ಮೊದಲೆರಡಕ್ಕೆ 20 ಕೂಡಿಸಿದರೆ ವರ್ಷ, ಉಳಿದೆರಡು ತಿಂಗಳು. 7805 ಇದ್ದರೆ 1998ರ ಮೇ ತಿಂಗಳು. ನನ್ನದು ಬೇರೆ ಕಂಪನಿ, ಅದರ ತಪ್ಪೇನಿಲ್ಲ, ಹೆಸರು ಬೇಡ. ಆಮೇಲೆ ಬಾಗಿಲು ತೆಗೆದು ಡ್ರಮ್ಮಿನ ಅಂಚು ಹಿಡಿದು ಮೇಲಕ್ಕೆತ್ತಿ. ಟಬ್ ಸಮೇತ ತೂಗಾಡಿದರೆ ಪರವಾಗಿಲ್ಲ, ಟಬ್ಬನ್ನು ಸ್ಪ್ರಿಂಗಿಗೆ ನೇತುಹಾಕಿರುತ್ತಾರೆ. ಡ್ರಮ್ ಒಂದೇ ಲಟಲಟ ಅಂದರೆ ಬೇರಿಂಗೋ ಹಿಡಿಕೆಯೋ ಹೋಗಿದೆ. ಹಿಂದಿನ ತಗಡು ಬಿಚ್ಚಿಸಿ, ಬೆಲ್ಟ್ ಸುತ್ತಿರುವ ಚಕ್ರದ ಕೆಳಗೆ ತುಕ್ಕಿನ ನೀರು ಇಳಿದ ಗೆರೆ ಇದೆಯಾ ನೋಡಿ. ಬಿಚ್ಚೋಕೆ ಒಪ್ಪದ ಅಂಗಡಿಯಲ್ಲಿ ತಗೊಳ್ಳಬೇಡಿ.

ಕೊನೆಗೆ ನನ್ನದನ್ನು ಇನ್ನೊಬ್ಬ ಗುಜರಿಯವನಿಗೇ ತೂಕಕ್ಕೆ ಹಾಕಿದೆ. ಎಪ್ಪತ್ತು ಕೆಜಿ ಇದೆ ಅಂತ ಮನಸ್ಸಲ್ಲೇ ಲೆಕ್ಕ ಹಾಕುತ್ತಿದ್ದೆ. ಅವನು ಸ್ಪ್ಯಾನರ್ ತೆಗೆದು, ಅದುರದಿರಲಿ ಅಂತ ಒಳಗೆ ಕೂರಿಸಿದ್ದ ಕಾಂಕ್ರೀಟ್ ಗಟ್ಟಿ ಬಿಚ್ಚಿ ಪಕ್ಕಕ್ಕಿಟ್ಟ. ‘ಕಲ್ಲಿಗೆ ದುಡ್ಡು ಬರಲ್ಲ ಸಾರ್.’ ಅದು ಈಗ ಹಿತ್ತಲ ನಲ್ಲಿ ಕೆಳಗಿದೆ. ಅಮ್ಮ ಅದರ ಮೇಲೆ ಬಟ್ಟೆ ಒಗೀತಾರೆ.