ಕ್ಲೌಡ್ ಪೋಸ್ಟ್‌ಗ್ರೆಸ್: ಸ್ಲೋ ಕ್ವೆರಿ ಪೇಜಿಗೆ ಮನಸೋತೆ, ಕನೆಕ್ಷನ್ ಲಿಮಿಟ್ಟಿಗೆ ಸುಸ್ತಾದೆ

ಪೋಸ್ಟ್‌ಗ್ರೆಸ್ ಡೇಟಾಬೇಸನ್ನು ನಮ್ಮ ಪರವಾಗಿ ನಡೆಸಿಕೊಡುವ ಈ ಕ್ಲೌಡ್ ಸರ್ವೀಸಿನ ಸಣ್ಣ ಪ್ಲಾನನ್ನು ವರ್ಷಕ್ಕೂ ಜಾಸ್ತಿ ಕಾಲದಿಂದ ಬಳಸುತ್ತಿದ್ದೇನೆ. ಸ್ಟೋರೇಜ್ ಎಷ್ಟು, ಬ್ಯಾಕಪ್ ಹೇಗೆ ಅನ್ನೋದೆಲ್ಲ ಅವರ ಪೇಜಿನಲ್ಲೇ ಇದೆ, ಬಿಡಿ. ನನಗೆ ಹಿಡಿಸಿದ್ದು ಸ್ಲೋ ಕ್ವೆರಿ ಪೇಜು, ಅಂದರೆ ಡೇಟಾಬೇಸಿಗೆ ಕೇಳುವ ಯಾವ ಕ್ವೆರಿ ಹೆಚ್ಚು ಸಮಯ ತಿನ್ನುತ್ತಿದೆ ಅಂತ ತೋರಿಸುವ ಪಟ್ಟಿ.

ದಿನಾ ಕೆಲಸಕ್ಕೆ ಕೂತ ಕೂಡಲೇ, ಮೇಲ್ ನೋಡುವ ಮೊದಲೇ ಅದನ್ನು ತೆರೆಯುತ್ತೇನೆ. ಒಳಗಿರುವುದು ಕ್ವೆರಿಗಳ ಲೆಕ್ಕ ಇಡುವ, ಪೋಸ್ಟ್‌ಗ್ರೆಸ್‌ನದೇ ಪಿಜಿ ಸ್ಟ್ಯಾಟ್ ಸ್ಟೇಟ್‌ಮೆಂಟ್ಸ್. ಇವರು ಅದನ್ನು ಚೆಂದ ಮಾಡಿ ತೋರಿಸುತ್ತಾರೆ, ಅಷ್ಟೇ. ಸರಾಸರಿ ಬಿಟ್ಟು ಒಟ್ಟು ಸಮಯದ ಮೇಲೆ ಸಾರ್ಟ್ ಮಾಡುತ್ತೇನೆ. ಕಳ್ಳ ಸಿಕ್ಕಿಬೀಳುವುದು ಆಗಲೇ. 2 ಮಿಲಿಸೆಕೆಂಡಿನ ಕ್ವೆರಿ ಒಂದೇ ಪೇಜಿಗೆ ನೂರಾರು ಸಲ ಓಡುತ್ತಿದ್ದರೆ ಸರಾಸರಿಯಲ್ಲಿ ಅದು ಕಾಣುವುದೇ ಇಲ್ಲ. ಓಆರ್‌ಎಂ (ಕೋಡಿನಿಂದ ಕ್ವೆರಿಗಳನ್ನು ತಾನೇ ಬರೆದುಕೊಡುವ ಲೈಬ್ರರಿ) ಬಳಸುವವರಿಗೆ ಈ ಎನ್ ಪ್ಲಸ್ ಒನ್ ಕಾಟ, ಅಂದರೆ ಪಟ್ಟಿಯ ಪ್ರತಿ ಸಾಲಿಗೂ ಮತ್ತೊಂದು ಕ್ವೆರಿ ಓಡುವುದು, ಹೊಸದಲ್ಲ, ಅಲ್ವಾ?

ಸಾಲನ್ನು ಒತ್ತಿದರೆ ಕ್ವೆರಿ ಪ್ಲಾನ್, ಅಂದರೆ ಡೇಟಾಬೇಸ್ ಆ ಕ್ವೆರಿಗೆ ಉತ್ತರ ಹುಡುಕುವ ದಾರಿ, ತೆರೆಯುತ್ತದೆ. ನಮ್ಮ ಆರ್ಡರ್ ಪಟ್ಟಿ ತೆವಳುತ್ತಿದ್ದಾಗ ಅಲ್ಲಿ ಕಂಡದ್ದು ಸೀಕ್ವೆನ್ಷಿಯಲ್ ಸ್ಕ್ಯಾನ್. ಒಬ್ಬ ಗ್ರಾಹಕನ ನಾಲ್ಕು ಆರ್ಡರಿಗೆ ಇಡೀ ಟೇಬಲ್ ಓದುತ್ತಿತ್ತು! ಫಾರಿನ್ ಕೀ (ಇನ್ನೊಂದು ಟೇಬಲ್ಲಿಗೆ ಕೊಂಡಿ) ಇದ್ದ ಮಾತ್ರಕ್ಕೆ ಪೋಸ್ಟ್‌ಗ್ರೆಸ್ ಆ ಕಾಲಮ್ಮಿಗೆ ತಾನಾಗಿ ಇಂಡೆಕ್ಸ್ (ಬೇಗ ಹುಡುಕಲು ನೆರವಾಗುವ ಸೂಚಿ) ಮಾಡಿಕೊಡುವುದಿಲ್ಲ. ಹೊಸ ಆರ್ಡರ್‌ಗಳು ನಿಲ್ಲದಿರಲಿ ಅಂತ ಕ್ರಿಯೇಟ್ ಇಂಡೆಕ್ಸ್ ಜೊತೆ ಕನ್ಕರೆಂಟ್ಲಿ ಹಾಕಿ ಓಡಿಸಿದೆ. ಆಮೇಲೆ ಪೇಜು ಒತ್ತಿದ ತಕ್ಷಣ ಬರತೊಡಗಿತು. ಅಂದಹಾಗೆ, ಕ್ವೆರಿ ಪ್ಲಾನ್ ತೋರಿಸುವ ಎಕ್ಸ್‌ಪ್ಲೇನ್ ಆಜ್ಞೆಯ ಜೊತೆ ಅನಲೈಜ್ ಸೇರಿಸಿದರೆ ಕ್ವೆರಿ ನಿಜಕ್ಕೂ ಓಡುತ್ತದೆ. ಅದು ಡಿಲೀಟ್ ಕ್ವೆರಿ ಆಗಿದ್ದರೆ ಟ್ರಾನ್ಸಾಕ್ಷನ್ ಒಳಗೆ ಓಡಿಸಿ ರೋಲ್‌ಬ್ಯಾಕ್ ಮಾಡಿ, ಅಂದರೆ ಬದಲಾವಣೆ ರದ್ದು ಮಾಡಿ. ಇವರ ಕನ್ಸೋಲ್ ಈ ಬಗ್ಗೆ ತುಟಿ ಬಿಚ್ಚುವುದಿಲ್ಲ.

ಹೊಗಳಿದ್ದು ಸಾಕು. ಕನೆಕ್ಷನ್ ಲಿಮಿಟ್, ಅಂದರೆ ಡೇಟಾಬೇಸಿಗೆ ಒಂದೇ ಹೊತ್ತಿಗೆ ಎಷ್ಟು ಕನೆಕ್ಷನ್ ಇರಬಹುದು ಅನ್ನುವ ಮಿತಿ, ಮಾತ್ರ ತಲೆ ಕೆಡಿಸುತ್ತದೆ. ಪೋಸ್ಟ್‌ಗ್ರೆಸ್‌ನಲ್ಲಿ ಪ್ರತಿ ಕನೆಕ್ಷನ್ನಿಗೂ ಬೇರೆ ಪ್ರೊಸೆಸ್, ಹಾಗಾಗಿ ಮಿತಿ ಬೇಕು, ಒಪ್ಪುತ್ತೇನೆ. ಆದರೆ ಪೋಸ್ಟ್‌ಗ್ರೆಸ್‌ನ ಡೀಫಾಲ್ಟ್ ಮಿತಿಯೇ 100. ನನ್ನ ಪ್ಲಾನಿನಲ್ಲಿ ಅದರ ಕಾಲು ಭಾಗವೂ ಇಲ್ಲ. ನಮ್ಮದು ಸರ್ವರ್‌ಲೆಸ್ ಫಂಕ್ಷನ್‌ಗಳು, ಅಂದರೆ ಬೇಡಿಕೆ ಬಂದಾಗ ಮಾತ್ರ ಎದ್ದು ಓಡುವ ಸಣ್ಣ ಕೋಡ್ ತುಣುಕುಗಳು. ಒಂದೊಂದೂ ತನ್ನದೇ ಕನೆಕ್ಷನ್ ಹಿಡಿದು ಕೂರುತ್ತದೆ. ಜನ ಜಾಸ್ತಿ ಬರುವ ಹೊತ್ತಿಗೇ ಲಾಗ್ ತುಂಬಾ ‘ಸಾರಿ, ಟೂ ಮೆನಿ ಕ್ಲೈಂಟ್ಸ್ ಆಲ್ರೆಡಿ’. ಸಪೋರ್ಟಿಗೆ ಕೇಳಿದರೆ ಪೂಲರ್ (ಕೆಲವೇ ಕನೆಕ್ಷನ್‌ಗಳನ್ನು ಎಲ್ಲರಿಗೂ ಹಂಚುವ ಸಾಫ್ಟ್‌ವೇರ್) ಬಳಸಿ ಅಂದರು. ಅದು ಮೇಲಿನ ಪ್ಲಾನಿಗೆ ಮಾತ್ರ!

ನನ್ನ ಬಜೆಟ್ಟಿಗೆ ಅದು ಒಗ್ಗಲಿಲ್ಲ. ಚಿಕ್ಕ ಸರ್ವರಿನಲ್ಲಿ ಪಿಜಿಬೌನ್ಸರ್ ಅನ್ನುವ ಪೂಲರ್ ಹಾಕಿ, ಪ್ರತಿ ಟ್ರಾನ್ಸಾಕ್ಷನ್ ಮುಗಿದ ಕೂಡಲೇ ಕನೆಕ್ಷನ್ ಬಿಟ್ಟುಕೊಡುವ ಟ್ರಾನ್ಸಾಕ್ಷನ್ ಮೋಡಿನಲ್ಲಿ ಓಡಿಸುತ್ತಿದ್ದೇನೆ. ಎರರ್ ನಿಂತಿತು. ಲಿಸನ್ (ಡೇಟಾಬೇಸಿನಿಂದ ಬರುವ ಸೂಚನೆಗೆ ಕಾಯುವ ಆಜ್ಞೆ) ಬಳಸುವ ಒಂದು ಕೆಲಸವನ್ನು ಮಾತ್ರ ನೇರ ಕನೆಕ್ಷನ್ನಿಗೆ ಬಿಡಬೇಕಾಯಿತು, ಆ ಮೋಡಿನಲ್ಲಿ ಅದು ನಡೆಯಲ್ಲ. ಸರ್ವರ್ ಕಾಯುವ ಕೆಲಸ ಬೇಡ ಅಂತಲೇ ಮ್ಯಾನೇಜ್ಡ್ ಸರ್ವೀಸಿಗೆ ದುಡ್ಡು ಕೊಟ್ಟಿದ್ದು. ಈಗ ಅದನ್ನೂ ನಾನೇ ಕಾಯುತ್ತಿದ್ದೇನೆ.

ಒಂದೇ ಸರ್ವರಿನಲ್ಲಿ ಆಪ್ ಇಟ್ಟು, ಫ್ರೇಮ್‌ವರ್ಕಿನ ಪೂಲ್ ಸಾಕು ಅನ್ನುವವರು ಸುಮ್ನೆ ತಗೊಳ್ಳಿ. ಸರ್ವರ್‌ಲೆಸ್ ಆದರೆ ಪೂಲರ್ ಸೇರಿದ ಬಿಲ್ ಎಷ್ಟಾಗುತ್ತದೆ ನೋಡಿಕೊಂಡು ಸೈನ್ ಅಪ್ ಆಗಿ. ಐದಕ್ಕೆ ಮೂರೂವರೆ ಸ್ಟಾರ್, ಅದರಲ್ಲಿ ಮೂರು ಸ್ಲೋ ಕ್ವೆರಿ ಪೇಜಿನದೇ.