ಪ್ಯಾರಾಚೂಟ್ ಬೇಡದ ರಾಕೆಟ್: ರಟ್ಟಿನ ಹಾರುವ ತಟ್ಟೆ ಕಿಟ್ ಹೇಗಿದೆ?

ಮಾದರಿ ರಾಕೆಟ್ ಎಂದೊಡನೆ ಉದ್ದ ಕೊಳವೆ, ಚೂಪು ಮೂತಿ, ಹಿಂದೆ ಮೂರು ರೆಕ್ಕೆ ಕಣ್ಣಿಗೆ ಬರುತ್ತವೆ. ಹಾರುವ ತಟ್ಟೆಯ ಕಿಟ್‌ನಲ್ಲಿ ಇವು ಯಾವುವೂ ಇಲ್ಲ. ಊಟದ ತಟ್ಟೆಯಷ್ಟು ಅಗಲದ ಎರಡು ರಟ್ಟಿನ ಶಂಕುಗಳು, ನಡುವೆ 18 ಮಿ.ಮೀ. ದಪ್ಪದ ಎಂಜಿನ್ (ಮದ್ದು ತುಂಬಿದ ಉರುಳೆ) ಕೂರುವ ಕಾಗದದ ಕೊಳವೆ, ಎಂಜಿನ್ ಮುಂದಕ್ಕೆ ನುಗ್ಗದಂತೆ ಅದರೊಳಗೊಂದು ಬಳೆ, ಹಿಂದಕ್ಕೆ ಜಾರದಂತೆ ಲೋಹದ ಕೊಕ್ಕೆ, ಲಾಂಚ್ ರಾಡ್ (ಏರುವಾಗ ದಾರಿ ತೋರುವ ಸರಳು) ತೂರಿಸಲು ಸಣ್ಣ ನಳಿಕೆ, ಬಾಲ್ಸಾ ಎಂಬ ಹಗುರ ಮರದ ಮೂರು ಕಾಲು. ಇಷ್ಟೇ. ಪ್ಯಾರಾಚೂಟ್ ಮಡಚುವ ಕೆಲಸವಿಲ್ಲ. ಅಗಲವಾದ ಮೈ ತಾನೇ ಗಾಳಿಗೆ ಅಡ್ಡ ನಿಂತು ತಟ್ಟೆಯನ್ನು ಮೆಲ್ಲಗೆ ಇಳಿಸುತ್ತದೆ. ಎಂಜಿನ್, ಇಗ್ನೈಟರ್ (ಎಂಜಿನ್ ಹೊತ್ತಿಸುವ ವಿದ್ಯುತ್ ಕಿಡಿತಂತಿ), ಲಾಂಚ್ ಪ್ಯಾಡ್‌ಗಳನ್ನು ಸಾಮಾನ್ಯವಾಗಿ ಬೇರೆಯಾಗಿ ಕೊಳ್ಳಬೇಕು.

ಚಿಕ್ಕ ಮೈದಾನದಲ್ಲಿ ಹಾರಿಸುವವರಿಗೆ ಇದಕ್ಕಿಂತ ಒಳ್ಳೆಯ ಮೊದಲ ಕಿಟ್ ಇಲ್ಲ ಎಂಬುದು ನಮ್ಮ ಅಭಿಪ್ರಾಯ. ಎತ್ತರಕ್ಕೆ ಹೋಗದು, ಆದ್ದರಿಂದ ಕಳೆದೂ ಹೋಗದು. ಆದರೆ ಸೂಚನಾ ಹಾಳೆಗಳು ಅಂಟಿಸುವುದನ್ನು ಚಿತ್ರ ಬರೆದು ವಿವರಿಸುತ್ತವೆ, ತೂಕ ಎಲ್ಲಿ ಕೂರಬೇಕು, ಯಾವ ಎಂಜಿನ್ ಯಾಕೆ ಎಂಬುದನ್ನು ಒಂದೊಂದು ಸಾಲಿನಲ್ಲಿ ಮುಗಿಸಿಬಿಡುತ್ತವೆ. ಹಾರಾಟ ಕೆಡುವುದು ಅಲ್ಲೇ.

ಕಟ್ಟುವ ಕೆಲಸ ಎರಡು ಗಂಟೆಯದು, ಒಣಗಲು ಒಂದು ರಾತ್ರಿ ಬೇಕು. ರಟ್ಟನ್ನು ನೇರವಾಗಿ ಶಂಕುವಾಗಿ ಸುತ್ತಬೇಡಿ, ಮಡಿಕೆ ಬಿದ್ದುಬಿಡುತ್ತದೆ. ಮೊದಲು ಮೇಜಿನ ಅಂಚಿನ ಮೇಲೆ ನಾಲ್ಕೈದು ಸಲ ಎಳೆದು ಬಾಗು ಕೊಡಿ. ಬಿಳಿ ಅಂಟನ್ನು ಬೆರಳಿನಿಂದ ತೆಳ್ಳಗೆ ಸವರಬೇಕು; ಹೆಚ್ಚಾದರೆ ಅದರ ನೀರಿಗೆ ರಟ್ಟು ಸೊಟ್ಟಗಾಗುತ್ತದೆ. ಹೊರ ಅಂಚಿನ ಜೋಡಣೆಗೆ ಕಾಂಟ್ಯಾಕ್ಟ್ ಅಂಟು ಮೇಲು. ಕೊಳವೆಯೊಳಗೆ ಬಳೆ ಕೂರಿಸುವಾಗ ಬಿಳಿ ಅಂಟು ಅರ್ಧ ದಾರಿಯಲ್ಲೇ ಕಚ್ಚಿಕೊಳ್ಳುತ್ತದೆ. ಖಾಲಿ ಎಂಜಿನ್ ಕವಚದ ಮೇಲೆ ಅಳತೆಯ ಗುರುತು ಹಾಕಿ, ಎಲ್ಲೂ ನಿಲ್ಲಿಸದೆ ಒಂದೇ ತಳ್ಳಿಗೆ ದೂಡಿ, ತಕ್ಷಣ ಕವಚವನ್ನು ಹೊರತೆಗೆಯಿರಿ.

ಆ ಗುರುತು ಸರಿಯಿರಲೇಬೇಕು. ಎಂಜಿನ್‌ನ ಉದ್ದ 70 ಮಿ.ಮೀ.; ಅದರ ಹಿಂತುದಿ ಕೊಳವೆಯಿಂದ ಸುಮಾರು 6 ಮಿ.ಮೀ. ಹೊರಗಿರಬೇಕು. ಬಳೆ ತೀರ ಮುಂದಕ್ಕೆ ಹೋದರೆ ಎಂಜಿನ್ ಕೊಳವೆಯೊಳಗೆ ಹುದುಗುತ್ತದೆ. ಹೊರಬರುವ ಅನಿಲ ಕೊಳವೆಯೊಳಗೇ ಹಿಗ್ಗಿ, ಸುತ್ತಲಿನ ಗಾಳಿಯನ್ನು ಎಳೆದುಕೊಂಡು ನೂಕುಬಲದ ದೊಡ್ಡ ಪಾಲು ನಷ್ಟವಾಗುತ್ತದೆ. ಕ್ರುಶ್ನಿಕ್ ಪರಿಣಾಮ ಎಂದು ಇದಕ್ಕೆ ಹೆಸರು. ಸದ್ದು ಜೋರು, ತಟ್ಟೆ ಮಾತ್ರ ಮೇಲೇಳದು; ಕೊಳವೆಯೂ ಸುಡುತ್ತದೆ.

ಎಲ್ಲ ಒಣಗಿದ ಮೇಲೆ ಎಂಜಿನ್ ತುಂಬಿಯೇ ಸಮತೋಲ ನೋಡಿ. ತಟ್ಟೆಯನ್ನು ಅಡ್ಡ ಹಿಡಿದು ದಾರದಲ್ಲಿ ತೂಗುಹಾಕಿದಾಗ ತೂಕದ ಕೇಂದ್ರ ಹೊರ ಅಂಚಿನ ಮಟ್ಟದಲ್ಲೋ ಅದಕ್ಕಿಂತ ಮೇಲೋ ಇರಬೇಕು. ಕೆಳಗಿದ್ದರೆ ರಾಡ್ ಬಿಟ್ಟೊಡನೆ ಪಲ್ಟಿ ಹೊಡೆಯುತ್ತದೆ. ಮೇಲಿನ ಶಂಕುವಿನೊಳಗೆ, ಕೊಳವೆಯ ಬಾಯಿ ಮುಚ್ಚದಂತೆ, 3ರಿಂದ 5 ಗ್ರಾಂ ಜೇಡಿ ಒತ್ತಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಬಣ್ಣ ಹಚ್ಚುವುದಾದರೆ ಮೇಲ್ಭಾಗಕ್ಕೆ ಮಾತ್ರ, ತೆಳುವಾಗಿ. ತಳಕ್ಕೆ ದಪ್ಪ ಬಣ್ಣ ಬಳಿದರೆ ಜೇಡಿ ಇಟ್ಟದ್ದು ವ್ಯರ್ಥ.

ಇನ್ನು ಎಂಜಿನ್. C6-3 ಎಂಬುದನ್ನು ಹೀಗೆ ಓದಬೇಕು: ಸಿ ಎಂದರೆ ಒಟ್ಟು ನೂಕಿನ, ಅಂದರೆ ನೂಕುಬಲವನ್ನು ಉರಿಯುವ ಸಮಯದಿಂದ ಗುಣಿಸಿದ ಮೊತ್ತದ, ವರ್ಗ (5ರಿಂದ 10 ನ್ಯೂಟನ್-ಸೆಕೆಂಡ್), 6 ಸರಾಸರಿ ನೂಕುಬಲ ನ್ಯೂಟನ್‌ಗಳಲ್ಲಿ, 3 ಎಂದರೆ ಉರಿದು ಮುಗಿದ ಎಷ್ಟು ಸೆಕೆಂಡಿಗೆ ಮುಂಭಾಗದ ಮದ್ದು (ಬೇರೆ ರಾಕೆಟ್‌ಗಳಲ್ಲಿ ಪ್ಯಾರಾಚೂಟ್ ಹೊರದೂಡುವುದು ಇದೇ) ಸಿಡಿಯುತ್ತದೆ ಎಂಬುದು. ಈ ಕೊನೆಯ ಅಂಕಿಯನ್ನೇ ಜನ ಗಮನಿಸುವುದಿಲ್ಲ. ತೆಳ್ಳನೆಯ ರಾಕೆಟ್ ಉರಿ ಮುಗಿದ ಮೇಲೂ ಮೇಲಕ್ಕೆ ಸಾಗುತ್ತಿರುತ್ತದೆ, ಅದಕ್ಕೆ 5 ಅಥವಾ 7 ಸರಿ. ತಟ್ಟೆ ಹಾಗಲ್ಲ, ಉರಿ ನಿಂತೊಡನೆ ಗಾಳಿ ಅದನ್ನು ತಡೆದು ನಿಲ್ಲಿಸುತ್ತದೆ. C6-7 ಹಾಕಿದರೆ ಅದು ಕೆಳಗಿಳಿದು ಹುಲ್ಲಿನ ಮೇಲೆ ಕೂತಾಗ ಮದ್ದು ಸಿಡಿಯಬಹುದು. ಒಣಹುಲ್ಲಿದ್ದರೆ ಬೆಂಕಿ ಖಂಡಿತ ಎಂದೇ ಎಣಿಸಿ. ಆದ್ದರಿಂದ 0 ಅಥವಾ 3. ಶೂನ್ಯದ ಎಂಜಿನ್‌ನಲ್ಲಿ ಸಿಡಿಮದ್ದು ಇಲ್ಲ, ಆದರೆ ಉರಿ ಕೊನೆಗೆ ಮುಂಭಾಗವನ್ನು ತೂರಿಕೊಂಡು ಬರುತ್ತದೆ. ಕೊಳವೆಯ ಮೇಲ್ಬಾಯಿ ತೆರೆದಿರದಿದ್ದರೆ ಮೇಲಿನ ಶಂಕುವೇ ಕಿತ್ತುಹೋಗುತ್ತದೆ. ಕಿಟ್ ಕೊಳ್ಳುವಾಗ ಆ ರಂಧ್ರ ಇದೆಯೇ ನೋಡಿ. ಹಗುರ ತಟ್ಟೆಗೆ A8-3 ಸಾಕು, ಅರ್ಧ ಸೆಕೆಂಡಿನ ಚುರುಕು ನೆಗೆತ. C6 ಎರಡು ಸೆಕೆಂಡಿನ ಹತ್ತಿರ ಉರಿಯುತ್ತದೆ. ಹೊಗೆಯ ಕಂಬದ ಮೇಲೆ ಗುಡುಗುತ್ತ ಏರುವ ತಟ್ಟೆಯನ್ನು ನೋಡಬೇಕಿದ್ದರೆ ಅದೇ ಸರಿ.

ಹಾರಿಸುವಾಗ ತಟ್ಟೆಯ ತಳ ಪ್ಯಾಡ್‌ನ ಲೋಹದ ಹಲಗೆಗೆ ತೀರ ಹತ್ತಿರವಿದ್ದರೆ ಉರಿ ತಿರುಗಿ ಬಂದು ರಟ್ಟನ್ನು ಕರಕಲು ಮಾಡುತ್ತದೆ. ರಾಡ್‌ಗೆ ಖಾಲಿ ಎಂಜಿನ್ ಕವಚವೊಂದನ್ನು ಪೋಣಿಸಿ ಎತ್ತರಿಸಿ. ಇಗ್ನೈಟರ್‌ನ ತುದಿ ಎಂಜಿನ್‌ನೊಳಗಿನ ಮದ್ದನ್ನು ಮುಟ್ಟಿರಬೇಕು. ಹೊತ್ತಿಕೊಳ್ಳದಿರಲು ಇದು ಮತ್ತು ತಂತಿಯ ಮಸಿ ಹಿಡಿದ ಕ್ಲಿಪ್‌ಗಳೇ ಮುಖ್ಯ ಕಾರಣ. ಹೊತ್ತದಿದ್ದರೆ, ವಿದ್ಯುತ್ ಹರಿಸುವ ಕಂಟ್ರೋಲರ್‌ನ ಕೀ ತೆಗೆದು 60 ಸೆಕೆಂಡ್ ಕಾದ ಮೇಲೇ ಹತ್ತಿರ ಹೋಗಿ. ಎಲ್ಲರೂ ಕನಿಷ್ಠ 5 ಮೀಟರ್ ದೂರದಲ್ಲಿರಲಿ. ಮಾದರಿ ರಾಕೆಟ್‌ಗಳಿಗೆ ಗಾಳಿಯ ಮಿತಿ ಗಂಟೆಗೆ 32 ಕಿ.ಮೀ. ಎನ್ನುತ್ತಾರೆ, ಈ ಅಗಲದ ಮೈಗೆ ಅದರರ್ಧವೂ ಹೆಚ್ಚೇ.

ಬಾಳಿಕೆಯಲ್ಲಿ ಕಾಲುಗಳೇ ದುರ್ಬಲ. ಬಾಲ್ಸಾ ನಾರು ಕಾಲಿನ ಉದ್ದಕ್ಕೆ ಇರದೆ ಅಡ್ಡಕ್ಕಿದ್ದರೆ ಮೊದಲ ಇಳಿತದಲ್ಲೇ ಮುರಿಯುತ್ತವೆ. ಅಂಥದ್ದು ಬಂದಿದ್ದರೆ 2 ಮಿ.ಮೀ. ಪ್ಲೈವುಡ್‌ನಲ್ಲಿ ಕತ್ತರಿಸಿಕೊಳ್ಳಿ, ಮತ್ತೆ ಸಮತೋಲ ನೋಡಿ. ಜಜ್ಜಿದ ಅಂಚಿಗೆ ತೆಳು ಸೂಪರ್ ಗ್ಲೂ ಒಂದು ಸುತ್ತು ಹರಿಸಿದರೆ ರಟ್ಟು ಗಟ್ಟಿಯಾಗುತ್ತದೆ. ಇದನ್ನು ಮೊದಲ ಹಾರಾಟಕ್ಕೆ ಮುಂಚೆಯೇ ಮಾಡುವುದು ಇನ್ನೂ ಒಳ್ಳೆಯದು.